ಭೀಮಾ ದಂಡೆಯ ಮೂರು ಜೊತೆ ಚಪ್ಪಲಿ

ಮರಳಿನ ಮೇಲೆ ಯಾರದೋ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಎತ್ತುವವರೇ ಇಲ್ಲ.

ಮೊದಲು ನಾನೂ ಲಕ್ಷ್ಯ ಕೊಡಲಿಲ್ಲ. ಭಾನುವಾರ ಸಂಜೆ ಭೀಮಾ ದಂಡೆಯಲ್ಲಿ ಫೋನು ಹೊಡೆದುಕೊಳ್ಳುವುದು ದೊಡ್ಡ ಸಂಗತಿಯೇ? ಅರ್ಧ ಯಾದಗಿರಿ ಅಲ್ಲೇ ಇರುತ್ತದೆ. (ಇನ್ನರ್ಧ ಹೋಗೋಣ, ಹೋಗೋಣ ಎನ್ನುತ್ತಾ ಟಿವಿ ಮುಂದೆ ಮಲಗಿರುತ್ತದೆ.) ಆದರೆ ಅದು ನಿಂತಿತು, ಮತ್ತೆ ಶುರುವಾಯಿತು. ನಿಂತಿತು, ಮತ್ತೆ ಶುರುವಾಯಿತು. ಹಾಗೆ ಬಿಡದೆ ಹೊಡೆದುಕೊಳ್ಳುವ ಫೋನಿನ ಸದ್ದು ಸ್ವಲ್ಪ ಹೊತ್ತಿಗೆ ಎದೆಗೇ ಬಡಿಯತೊಡಗುತ್ತದೆ.

ನಮ್ಮ ಕಡೆ ಸಮುದ್ರ ನೋಡಿದವರೇ ಕಡಿಮೆ. ಹಾಗಂತ ಬೀಚ್ ಇಲ್ಲ ಎಂದು ಯಾರು ಹೇಳಿದರು? ಮಳೆಗಾಲ ಕಳೆದು ಹೊಳೆ ಇಳಿದರೆ ಸೇತುವೆಯ ಆಚೀಚೆ ಮರಳು ತೆರೆದುಕೊಳ್ಳುತ್ತದೆ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಸೀಟಿ ಊದುವ ಗಾರ್ಡ್ ಇಲ್ಲ. ಮನೆಯಿಂದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಾರೆ. ಹೆಂಗಸರು ಸೀರೆ ಎತ್ತಿಕಟ್ಟಿ ನೀರಿಗಿಳಿಯುತ್ತಾರೆ. ಗಂಡಸರು ಪ್ಯಾಂಟು ಮಡಚಿ ಸೆಲ್ಫಿಗೆ ನಿಲ್ಲುತ್ತಾರೆ. ಶಹಾಪುರ, ಸುರಪುರದಿಂದ ನೆಂಟರ ಮನೆಗೆ ಬಂದವರನ್ನೂ ಇಲ್ಲಿಗೇ ಕರೆತರುವುದು. ಬೇರೆ ಎಲ್ಲಿಗೆ ಅಂತ ಕರೆದೊಯ್ಯಬೇಕು, ಹೇಳಿ?

ಆ ಭಾನುವಾರ ನಾನು, ನಮ್ಮಣ್ಣನ ಹೆಂಡತಿ ಶಾಂತಾ ವೈನಿ, ವೈನಿಯ ಮಗಳು ಚಿನ್ನು ಹೋಗಿದ್ದೆವು. ಚುರುಮುರಿ ತಿನ್ನುತ್ತಾ ಕೂತಿದ್ದೆವು. ಸದ್ದು ಬರುತ್ತಿದ್ದುದು ನಮ್ಮ ಪಕ್ಕದ ಚಾಪೆಯಿಂದ. ಚಾಪೆಯ ಮೇಲೆ ಬುತ್ತಿ ಡಬ್ಬಿ ತೆರೆದೇ ಇತ್ತು. ಅರ್ಧ ಮುರಿದ ರೊಟ್ಟಿ. ಒಂದು ಕೈಚೀಲ, ಅದರ ಮೇಲೆ ಫೋನು. ಚಾಪೆಯ ಅಂಚಿಗೆ ಮೂರು ಜೊತೆ ಚಪ್ಪಲಿ, ಸಾಲಾಗಿ, ಹೊಳೆಯ ಕಡೆಗೆ ಮುಖ ಮಾಡಿ. ಗಂಡಸಿನದೊಂದು, ಹೆಂಗಸಿನದೊಂದು, ನಡುವೆ ನನ್ನ ಅಂಗೈಯಷ್ಟೇ ಉದ್ದದ ಗುಲಾಬಿ ಬಣ್ಣದ್ದೊಂದು.

ಮನುಷ್ಯರು ಎಲ್ಲಿ?

"ನೀರಾಗ ಇರಬೇಕು ತಗೋ" ಎಂದರು ವೈನಿ. ನೀರಿನಲ್ಲಿದ್ದವರನ್ನೆಲ್ಲ ಕಣ್ಣಲ್ಲೇ ಹುಡುಕಿದೆ. ಗುಲಾಬಿ ಚಪ್ಪಲಿಯ ವಯಸ್ಸಿನ ಕೂಸು ಒಂದೂ ಕಾಣಲಿಲ್ಲ.

ವೈನಿ ಎದ್ದು ನಿಂತು ಕೂಗಿದರು. "ಈ ಚಾಪಿ ಯಾರದ್ರಿ?" (ವೈನಿಯ ದನಿ ಸಣ್ಣದಲ್ಲ.) ಮತ್ತೊಮ್ಮೆ ಕೂಗಿದರು. ದಂಡೆಯ ಮೇಲಿನವರು ತಲೆ ಅಲ್ಲಾಡಿಸಿದರು. ನೀರಿನಲ್ಲಿದ್ದವರು ತಿರುಗಿ ನೋಡಿದರು. ಒಬ್ಬೊಬ್ಬರೇ ಮೇಲೆ ಬರತೊಡಗಿದರು.

ಆಮೇಲೆ ಆದದ್ದನ್ನು ನಾನು ಮರೆಯಲಾರೆ. ಯಾರೂ ಹೇಳದೆಯೇ ಪ್ರತಿಯೊಬ್ಬರೂ ತಮ್ಮ ತಮ್ಮವರನ್ನು ಎಣಿಸಿಕೊಂಡರು. ತಾಯಂದಿರು ಮಕ್ಕಳ ಹೆಸರು ಹಿಡಿದು ಕರೆದರು. ಕರೆದ ಮಕ್ಕಳೆಲ್ಲ ಬಂದವು. ನಾನೂ ಚಿನ್ನುವಿನ ಕೈ ಹಿಡಿದುಕೊಂಡೆ, ಅವಳಿಗೆ ನೋವಾಗುವಷ್ಟು ಗಟ್ಟಿಯಾಗಿ. ಎಣಿಕೆ ಮುಗಿದಾಗ ಎಲ್ಲರ ಮುಖದ ಮೇಲೂ ಒಂದು ನಿರಾಳ ಬಂತು. ಹಿಂದೆಯೇ ನಾಚಿಕೆಯೂ ಬಂತು. ಏಕೆಂದರೆ ಎಲ್ಲರ ಲೆಕ್ಕ ಸರಿಯಾಗಿದ್ದರೆ ಆ ಚಾಪೆಯವರು ಎಲ್ಲೂ ಇಲ್ಲ ಎಂದರ್ಥ.

ನೀರಿನ ಕಡೆ ಲಕ್ಷ್ಯ ಹೋದದ್ದು ಆಗಲೇ. ಮಧ್ಯಾಹ್ನ ಮಕ್ಕಳು ಹತ್ತಿ ಕೂರುತ್ತಿದ್ದ ಬಂಡೆ ಕಾಣಲಿಲ್ಲ. ಬಂಡೆ ಇದ್ದಲ್ಲಿ ನೀರು ಸುಮ್ಮನೆ ಸುತ್ತು ಹಾಕುತ್ತಿತ್ತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೋ, ಎಲ್ಲೋ ಮಳೆಯಾಗಿತ್ತೋ, ಗೊತ್ತಿಲ್ಲ. ಹೊಳೆ ಏರುವಾಗ ಗದ್ದಲ ಮಾಡುತ್ತದೆ ಎಂದುಕೊಂಡಿದ್ದೆ ನಾನು. ಇಲ್ಲ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗದ ಹಾಗೆ ಏರುತ್ತದೆ.

ಫೋನು ಮತ್ತೆ ಹೊಡೆದುಕೊಂಡಿತು. ಬಗ್ಗಿ ನೋಡಿದೆ. ಪರದೆಯ ಮೇಲೆ 'ಅವ್ವ' ಎಂದಿತ್ತು.

"ಎತ್ತಬ್ಯಾಡ" ಎಂದರು ವೈನಿ.

ಎತ್ತಿದೆ.

"ಭಾಗಮ್ಮ, ಎಷ್ಟೊತ್ತಾತವ್ವ ಫೋನ್ ಹಚ್ಚಾಕತ್ತು. ಕೂಸು ಉಣ್ತೇನು?" ವಯಸ್ಸಾದ ಹೆಣ್ಣು ದನಿ. ಹಿಂದೆ ಎಲ್ಲೋ ಕುರಿ ಒದರುತ್ತಿದ್ದವು.

"ನಾ ಭಾಗಮ್ಮ ಅಲ್ರಿ. ಅವರು ನೀರಿನ ಕಡಿ ಹೋಗ್ಯಾರ್ರಿ. ಬಂದ ಮ್ಯಾಲ ಹೇಳ್ತೀನ್ರಿ."

"ನೀ ಯಾರವ್ವ?"

"ಬಾಜೂಕ ಕುಂತೀನ್ರಿ."

"ಹಂಗಾರ ಕೂಸಿನ ಮ್ಯಾಲ ನಿಗಾ ಇಡವ್ವ. ಅದಕ್ಕ ನೀರಂದ್ರ ಭಾಳ ಹುಚ್ಚು."

"ಆಯ್ತ್ರಿ" ಅಂದೆ. ಗುಲಾಬಿ ಚಪ್ಪಲಿಯನ್ನೇ ನೋಡುತ್ತಾ ಹಾಗೆಂದೆ. ನೀವಾಗಿದ್ದರೆ ಏನನ್ನುತ್ತಿದ್ದಿರಿ?

ಅಷ್ಟರಲ್ಲಿ ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು. ಇನ್ಯಾರೋ ಹೋಗಿ ಮೀನು ಹಿಡಿಯುವವನೊಬ್ಬನನ್ನು ತೆಪ್ಪದ ಸಮೇತ ಕರೆತಂದಿದ್ದರು. ಹೊತ್ತು ಇಳಿಯುತ್ತಿತ್ತು. ನೀರೆಲ್ಲ ತಾಮ್ರದ ಬಣ್ಣ. ಅವನು ಉದ್ದನೆಯ ಬಿದಿರು ಗಳ ಹಿಡಿದು ಅಲ್ಲಲ್ಲಿ ಚುಚ್ಚಿ ನೋಡುತ್ತಾ ಹೋದ. ಗಳ ಎಲ್ಲಾದರೂ ಸಿಕ್ಕಿಕೊಂಡರೆ ಸಾಕು, ಇಡೀ ದಂಡೆ ಉಸಿರು ಹಿಡಿಯುತ್ತಿತ್ತು. ಒಮ್ಮೆ ಒಂದು ಸೀರೆ ಮೇಲೆ ಬಂತು. ವೈನಿ ನನ್ನ ಭುಜಕ್ಕೆ ಮುಖ ಒತ್ತಿಕೊಂಡರು. ಆದರೆ ಅದು ಹಳೆಯದು, ಪಾಚಿ ಹಿಡಿದದ್ದು, ತಿಂಗಳುಗಟ್ಟಲೆ ನೀರಲ್ಲಿ ಇದ್ದದ್ದು. ಅವನು ಅದನ್ನು ಮತ್ತೆ ಒಳಗೇ ಬಿಟ್ಟ. ಅದು ಯಾರದ್ದಾಗಿತ್ತು? ಯಾರೂ ಕೇಳಲಿಲ್ಲ.

ಚುರುಮುರಿ ಮಾರುವ ಮುದುಕಿ ಅಂಗಡಿ ಕಟ್ಟಿದಳು. ಕಟ್ಟಿದವಳು ಮನೆಗೆ ಹೋಗಲಿಲ್ಲ. ಚೀಲದಿಂದ ಒಂದು ಬೊಗಸೆ ಚುರುಮುರಿ ತೆಗೆದಳು. ಚಾಪೆಯ ಪಕ್ಕದಿಂದಲೇ ನಡೆದು ನೀರಿನ ಅಂಚಿಗೆ ಹೋದಳು. ಹೆಣದ ಮುಂದೆ ಎರಚುವ ಹಾಗೆ ಎರಚಿದಳು. ಬಿಳಿ ಕಾಳು ಒಂದೇ ಕಡೆ ತಿರುಗುತ್ತಾ ನಿಂತವು. ಕೈಯಲ್ಲಿ ಪೊಟ್ಟಣ ಹಿಡಿದಿದ್ದವರೆಲ್ಲ ಮೆಲ್ಲಗೆ ಕೆಳಗಿಟ್ಟರು. ನಾನೂ ಇಟ್ಟೆ.

ಅವರು ಸತ್ತದ್ದು ಆಗ. ಸತ್ತರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಮಾತೆಲ್ಲ ಭೂತಕಾಲಕ್ಕೆ ತಿರುಗಿತು.

"ಹಸಿರು ಸೀರಿ ಉಟ್ಟಿದ್ದಳ್ರಿ, ಚಂದ ಇದ್ದಳು."

"ಹಸಿರಲ್ಲ, ಅರಿಶಿಣ ಬಣ್ಣದ್ದು. ನನ್ನ ಮುಂದೇ ಹಾದು ಹೋದಳು."

"ಕೂಸು ನಕ್ಕೋತ ಹೊಂಟಿತ್ತು ಪಾಪ."

ಸ್ವಲ್ಪ ಹೊತ್ತಿನ ಹಿಂದೆ ಚಾಪೆ ಯಾರದೆಂದು ಗೊತ್ತಿಲ್ಲದವರೆಲ್ಲ ಈಗ ಅವರನ್ನು ಕಂಡಿದ್ದರು. ಕೆಲವರು ಅಳುತ್ತಿದ್ದರು, ನಿಜವಾಗಿಯೇ ಅಳುತ್ತಿದ್ದರು. ಒಬ್ಬಾತ ಚಪ್ಪಲಿಗಳ ಫೋಟೋ ತೆಗೆದ. ನೋಡಿದ. ತೃಪ್ತಿಯಾಗಲಿಲ್ಲವೆಂದು ಕಾಣುತ್ತದೆ, ಬಗ್ಗಿ ಗುಲಾಬಿ ಚಪ್ಪಲಿಯನ್ನು ತುಸು ಮುಂದಕ್ಕೆ ಸರಿಸಿ ಇನ್ನೊಂದು ತೆಗೆದ.

ನನ್ನ ಹಿಂದೆ ಯಾರೋ ಬಂದು ನಿಂತರು.

"ಏನಾಗ್ಯಾದ್ರಿ ಅಕ್ಕ? ಯಾರರ ಮುಳುಗ್ಯಾರೇನ್ರಿ?"

ಹೊಳೆಯ ಮೇಲಿನ ಕಣ್ಣು ತೆಗೆಯದೆಯೇ ಹೇಳಿದೆ. "ಹೂಂರಿ. ಗಂಡ, ಹೆಂಡತಿ, ಒಂದು ಸಣ್ಣ ಕೂಸು."

"ಅಯ್ಯ ಶಿವನೇ. ಯಾವ ಊರವರಂತ್ರಿ?"

"ಗೊತ್ತಿಲ್ರಿ. ಭಾಗಮ್ಮ ಅಂತ ಆಕಿ ಹೆಸರು."

ತಣ್ಣನೆಯ, ಒದ್ದೆಯಾದ ಒಂದು ಕೈ ನನ್ನ ಮೊಣಕೈ ಹಿಡಿಯಿತು.

"ಭಾಗಮ್ಮ ಅಂದ್ರ ನಾನೇರಿ."

ತಿರುಗಿದೆ. ಸೊಂಟದವರೆಗೆ ತೊಯ್ದ ಸೀರೆ. (ಹಸಿರೂ ಅಲ್ಲ, ಅರಿಶಿಣವೂ ಅಲ್ಲ, ಕಂದು ಬಣ್ಣದ್ದು.) ಬರಿಗಾಲು, ಪಾದದ ತುಂಬ ಕಪ್ಪು ಮಣ್ಣು. ಅವಳ ಹಿಂದೆ ಒಬ್ಬ ಗಂಡಸು, ಅವನ ಹೆಗಲ ಮೇಲೆ ಮಲಗಿದ ಹೆಣ್ಣುಕೂಸು. ಕೂಸಿನ ಕೈ ಜೋತುಬಿದ್ದಿತ್ತು. ಅದು ಉಸಿರಾಡುತ್ತಿದೆಯೇ ಎಂದು ನಾನು ನೋಡಿದೆ. ಉಸಿರಾಡುತ್ತಿತ್ತು.

ನಡೆದದ್ದು ಇಷ್ಟೇ. ಶಹಾಪುರದವರು. ಕೂಸಿಗೆ ಹಕ್ಕಿ ತೋರಿಸಲೆಂದು ಮೊಣಕಾಲುದ್ದದ ನೀರಿನಲ್ಲಿ ಹೊಳೆ ನಡುವಿನ ಮರಳ ದಿಬ್ಬಕ್ಕೆ ನಡೆದುಹೋಗಿದ್ದಾರೆ. ದಿಬ್ಬದ ಜೊಂಡು ಹುಲ್ಲಿನ ಆಚೆ ಕೂತಿದ್ದಾರೆ. ಹೊರಳಿ ಬರಬೇಕೆಂದರೆ ಬಂದ ದಾರಿಯೇ ಇಲ್ಲ. ಕೂಗಿದ್ದಾರೆ, ನಮಗೆ ಕೇಳಿಲ್ಲ. ಆ ಕಡೆಯ ನೀರು ಸೊಂಟದ ಮಟ್ಟ ಇತ್ತು, ಕೂಸನ್ನು ಎತ್ತಿಕೊಂಡು ಆಚೆ ದಂಡೆಗೆ ದಾಟಿದ್ದಾರೆ. ಹೊಲಗಳ ಹಾದಿಯಲ್ಲಿ ನಡೆದು, ಸೇತುವೆ ಹಿಡಿದು, ಸುತ್ತು ಹಾಕಿ ಬಂದಿದ್ದಾರೆ.

"ಸೇತುವಿ ಮ್ಯಾಲಿಂದ ಮಂದಿ ನೋಡಿದ್ವಿ. ಯಾರದೋ ಮನಿ ಹಾಳಾತು ಅಂತ ಅಳಕೋತ ಬಂದೆ ಅಕ್ಕ, ನಾನು" ಎಂದಳು ಭಾಗಮ್ಮ.

ಆಗ ಏನಾಗಬೇಕಿತ್ತು? ಜನ ಓಡಿಬರಬೇಕಿತ್ತು. ಕೂಸನ್ನು ಎತ್ತಿ ಆಡಿಸಬೇಕಿತ್ತು. ವೈನಿ ಒಬ್ಬರು ಅವಳನ್ನು ಬೈದು, ಅತ್ತು, ತಲೆ ಸವರಿದರು. ಉಳಿದವರು ಒಂದು ಹೆಜ್ಜೆ ಹಿಂದೆ ಸರಿದರು. ಹೌದು, ಹಿಂದೆ. ಮುದುಕಿ ಭಾಗಮ್ಮನ ಮುಖ ನೋಡದೆ, ಹಿಂದುಮುಂದಾಗಿದೆಯೋ ಎಂಬಂತೆ ಪಾದವನ್ನೇ ನೋಡುತ್ತಿದ್ದಳು. ಎಚ್ಚರಾದ ಕೂಸು ನೀರಿನ ಮೇಲಿನ ಬಿಳಿ ಕಾಳು ಕಂಡು ಚುರುಮುರಿ ಬೇಕೆಂದಿತು.

"ತೀರ್ಯಾವ" ಎಂದಳು ಮುದುಕಿ. ಚೀಲ ಅರ್ಧ ತುಂಬಿತ್ತು.

ಭಾಗಮ್ಮ ಚಪ್ಪಲಿ ಹಾಕಿಕೊಳ್ಳಲು ಹೋದವಳು ತಡೆದು ನಿಂತಳು. ಅವುಗಳ ಸುತ್ತ ಮರಳಿನಲ್ಲಿ ನಾಲ್ಕು ಕಾಳು ಬಿದ್ದಿದ್ದವು. ನೀರಿನಲ್ಲಿ ತೇಲುತ್ತಿದ್ದುದನ್ನೂ ನೋಡಿದಳು. ಅವಳಿಗೆ ಅರ್ಥವಾಯಿತು. ಮೂರೂ ಜೊತೆಯನ್ನು ಬೆರಳ ತುದಿಯಿಂದ ಎತ್ತಿ ಚೀಲಕ್ಕೆ ಹಾಕಿ ಬರಿಗಾಲಲ್ಲೇ ನಿಂತಳು. ತಾಯಿಗೆ ಫೋನು ಹಚ್ಚಿದಳು. ಮಾತಾಡಿ ಮುಗಿಸಿದಾಗ ಮುಖ ಬಿಳಿಚಿತ್ತು.

"ನೀನೇ ಏನು ಖರೇನ, ಅಂತ ಮತ್ತ ಮತ್ತ ಕೇಳ್ತಾಳ್ರಿ ನಮ್ಮವ್ವ. ಯಾರೋ ಆಕಿಗಿ ಚಪ್ಪಲಿ ಫೋಟೋ ತೋರಿಸ್ಯಾರಂತ."

ಫೋಟೋ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು.

ಮರುದಿನ ಬೆಳಗ್ಗೆ ಸುರಪುರದಿಂದ ನನ್ನ ದೊಡ್ಡಮ್ಮನ ಮಗಳು ಫೋನ್ ಮಾಡಿದಳು. "ಯಾದಗಿರಿ ಹೊಳ್ಯಾಗ ಒಂದೇ ಮನಿಯ ಮೂರು ಮಂದಿ ಹೋದರಂತಲ್ಲ."

"ಇಲ್ಲ, ಬದುಕ್ಯಾರ. ನಾನೇ ನೋಡೀನಿ."

"ನೀ ಬ್ಯಾರೆ ಯಾರನ್ನರ ನೋಡಿರಬೇಕು. ಫೋಟೋದಾಗ ಚಪ್ಪಲಿ ಅದಾವಲ್ಲ."

ಏನು ಹೇಳುತ್ತೀರಿ ಇದಕ್ಕೆ? ನನ್ನ ಹತ್ತಿರ ಫೋಟೋ ಇರಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ಅಷ್ಟು ಮಂದಿ, ಅಷ್ಟು ಫೋನು. ಬದುಕಿ ಬಂದವರ ಒಂದೇ ಒಂದು ಫೋಟೋ ಯಾರೂ ತೆಗೆದಿರಲಿಲ್ಲ. ಹೊಳೆಯಿಂದ ಸುಖವಾಗಿ ಮನೆಗೆ ಹೋದವರನ್ನು ಯಾರು ಶೇರ್ ಮಾಡುತ್ತಾರೆ?

ಕೆಲ ದಿನ ಬಿಟ್ಟು ಭಾಗಮ್ಮನೇ ಫೋನ್ ಮಾಡಿದಳು. (ಅಂದು ನನ್ನ ನಂಬರ್ ತೆಗೆದುಕೊಂಡಿದ್ದಳು.) ಶಹಾಪುರದ ಸಂತೆಯಲ್ಲಿ ಪರಿಚಯದ ಕಾಯಿಪಲ್ಯದವಳು ಇವಳ ಕೈಗೆ ಚಿಲ್ಲರೆ ಕೊಡಲಿಲ್ಲವಂತೆ, ನೆಲದ ಮೇಲೆ ಇಟ್ಟಳಂತೆ. ನಗುತ್ತಲೇ ಹೇಳಿದಳು. ಆಮೇಲೆ ನಗು ನಿಂತಿತು.

"ಅಕ್ಕ, ಅವತ್ತು ನಾ ನಿಮ್ಮ ಕೈ ಹಿಡಿದಿದ್ದೆ ಅಲ್ರಿ?"

"ಹಿಡಿದಿದ್ದಿ ಭಾಗಮ್ಮ."

"ಹೂಂ. ಒಮ್ಮೊಮ್ಮೆ ಯಾರನ್ನರ ಕೇಳಬೇಕನಸ್ತದ್ರಿ."

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ನೀರು ಇಳಿದಿತ್ತು, ದಂಡೆ ತುಂಬಿತ್ತು. ಆ ಚಾಪೆ ಇದ್ದ ಜಾಗ ಮಾತ್ರ ಖಾಲಿ. ಅದರ ಸುತ್ತಲೂ ಜನ ಕೂತಿದ್ದರು, ಅದರ ಮೇಲೆ ಒಬ್ಬರೂ ಇಲ್ಲ. ಅದರ ಅಂಚಿಗೆ ನಿಂತು ಒಬ್ಬ ತಂದೆ ತನ್ನ ಮಗಳಿಗೆ ತೋರಿಸುತ್ತಿದ್ದ. "ಇಲ್ಲೇ ನೋಡವ್ವ, ಮೂರು ಮಂದಿ ಮುಳುಗಿದ್ದು."

"ಮುಳುಗಿಲ್ರಿ" ಎಂದೆ. "ಬದುಕ್ಯಾರ. ಆಕಿ ಕೂಡ ನಾ ಫೋನಿನಾಗ ಮಾತಾಡೀನಿ."

ಆತ ನನ್ನನ್ನೇ ನೋಡಿದ. ಅವನ ಹೆಂಡತಿ ಎದ್ದು ಬಂದಳು. ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ತುಂಬ ಮರುಕವಿತ್ತು.

"ಅವರು ನಿಮಗೇನಾಗಬೇಕ್ರಿ ಅಕ್ಕ?" ಎಂದಳು. "ಹಿಂಗ ಅನಸ್ತದ್ರಿ. ನಮ್ಮಣ್ಣ ಹೋದಾಗ ನಾನೂ ಆತನ ಕೂಡ ಮಾತಾಡ್ತಿದ್ದೆ. ಸಮಾಧಾನ ಮಾಡ್ಕೋರಿ." ಹಾಗೆಂದು ತನ್ನ ಬಾಟಲಿಯ ಮುಚ್ಚಳ ತೆರೆದು ನನಗೆ ನೀರು ಕೊಟ್ಟಳು.

ಕುಡಿದೆ. ಇನ್ನೇನು ಮಾಡಬೇಕಿತ್ತು, ಹೇಳಿ?