ನಳ ತೆರೆಯುವ ಬೆಕ್ಕು

ಗೆಳೆಯರೇ, ಇವತ್ತು ನಡೆದದ್ದನ್ನು ಕೇಳಿ. ಸಂಜೆ ಬ್ಯಾಂಕಿನಿಂದ ಬಂದು ನೋಡಿದರೆ, ಬೀಗ ಹಾಕಿದ್ದ ನಮ್ಮ ಮನೆಯೊಳಗಿಂದ ನೀರು ಹರಿದು ಮೆಟ್ಟಿಲು ಇಳಿದಿತ್ತು. ಕೆಳಗಿನ ಮನೆಯ ಶಾಂತಕ್ಕ ಬಾಗಿಲಲ್ಲೇ ಕಾದಿದ್ದರು.

"ಏನ್ ಬೇ ಸುಮಾ, ನಳ ಚಾಲೂ ಬಿಟ್ಟು ಹೋಗೀಯಲ್ಲ? ಎಲ್ಲಾರೂ ಕೂಡಿ ಬಳಸೂ ನೀರಿನ ಟಾಕಿ ಖಾಲಿ ಆಗೇತಿ. ಇನ್ನ ನೀರು ಬರೂದು ಶನಿವಾರ."

"ಬಂದ್ ಮಾಡೇ ಹೋಗೇನ್ರಿ ಅಕ್ಕಾರ."

ಇಬ್ಬರೂ ಒಳಗೆ ಹೋದೆವು. ಪಾತ್ರೆ ಒರೆಸುವ ಬಟ್ಟೆ ಸಿಂಕಿನ ತೂತಿಗೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಚಿರತೆಯಂಥ ಚುಕ್ಕಿಗಳಿರುವ, ಬೆಂಗಾಲ್ ತಳಿಯ ನಮ್ಮ ಹೊಸ ಬೆಕ್ಕು ಚಿನ್ನು ತೊಯ್ದು ಕುಳಿತಿತ್ತು. ನಾನು ನಳ ಮುಚ್ಚಿದೆ. ಅದು ಮುಂಗಾಲು ಚಾಚಿ ಹಿಡಿಕೆಯನ್ನು ಮತ್ತೆ ಎತ್ತಿತು. ನೀರು ಬರಲಿಲ್ಲವೆಂದು ನನ್ನನ್ನು ನೋಡಿ ಕೂಗಿತು.

ಹೋದ ವಾರ ಚಿನ್ನುವನ್ನು ಕೊಟ್ಟಿದ್ದ ಟಿಕೋಟಾದ ಹುಡುಗಿಗೆ ಫೋನ್ ಮಾಡಿದೆ.

"ಅದಕ್ಕ ನೀರಂದ್ರ ಜೀವ, ದಿನಾ ಆಡಸ್ಬೇಕು, ಒಂದನ್ನ ಬಿಟ್ಟು ಹೋಗಬ್ಯಾಡ್ರಿ ಅಂತ ಅವತ್ತ ಹೇಳಿದ್ನೆಲ್ರಿ ಮೇಡಂ. ನೀವು ಅದರ ಚುಕ್ಕಿ ಫೋಟೊ ತಗಿಯಾಕತ್ತಿದ್ರಿ."

ನಾನೂ ನಮ್ಮವರೂ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಫೋನ್ ಇಟ್ಟು ನೆಲ ಒರೆಸತೊಡಗಿದೆ. ಶಾಂತಕ್ಕ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಬಟ್ಟೆ ಹಿಡಿದರು.

"ನಾಳಿಂದ ಹಗಲೊತ್ತು ನನ್ನ ಕಡೆ ಬಿಟ್ಟು ಹೋಗು. ಬೆಕ್ಕಿನ ಮ್ಯಾಲಿನ ಪ್ರೀತಿಗಲ್ಲ, ಟಾಕಿ ಸಲುವಾಗಿ."

ಇಂಥ ಬೆಕ್ಕು ತರಬೇಕೆನ್ನುವವರು ಮೊದಲು ಕೆಳಗಿನ ಮನೆಯಲ್ಲಿ ಯಾರಿದ್ದಾರೆಂದು ನೋಡಿಕೊಳ್ಳಿ.