ಮೆತ್ತನೆಯ ಕೀಬೋರ್ಡ್

ಮುಂಬಯಿಯ ಚೆಂಬೂರಿನ ನಮ್ಮ ಮನೆಗೆ ಕಂಪ್ಯೂಟರ್ ಜೋಡಿಸಲು ಬಂದವರು ಮಂಗಳೂರಿನ ಕಡೆಯವರು. ಏನು ಕೇಳಿದರೂ, "ಎಂತ ಕೆಲಸಕ್ಕೆ, ಅದು ಹೇಳಿ ಮೊದಲು" ಅನ್ನುವರು. ಲೋಕಲ್ ರೈಲಿನಿಂದ ಬಿದ್ದು ಬೆರಳುಗಳ ಬಲ ಕಳೆದುಕೊಂಡಿದ್ದ ನನ್ನ ಮಗಳು ಮನೆಯಲ್ಲೇ ಟೈಪಿಂಗ್ ಕೆಲಸ ಹಿಡಿಯಬೇಕೆಂದಿದ್ದಳು. ನಾನು ಕಲರ್ ಮಾನಿಟರ್ ಕೇಳಿದೆ.

"ಟೈಪಿಂಗಿಗೆ ಕಲರ್ ಎಂತಕ್ಕೆ ಅಕ್ಕ?" ಎಂದು ನಕ್ಕರು.

ಹೊಸ ಕೀಬೋರ್ಡಿನಲ್ಲಿ ಒಂದು ಸಾಲು ಮುಗಿಸುವಷ್ಟರಲ್ಲಿ ಮಗಳ ಕೈ ಸೋತಿತು. ಅವರು ಪರದೆ ನೋಡಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಮರುದಿನ ಬಳಸಿ ಬಳಸಿ ಮೆತ್ತಗಾಗಿದ್ದ ಹಳೆಯದೊಂದನ್ನು ತಂದು ಜೋಡಿಸಿದರು. ಮಗಳು ಪುಟವನ್ನೇ ಮುಗಿಸಿದಳು.

"ಎಲ್ಲಿ ಸಿಕ್ಕಿತು?" ಎಂದೆ.

"ನನ್ನದೇ. ನನ್ನ ಬೆರಳು ಗಟ್ಟಿ ಉಂಟಲ್ಲ" ಎಂದು ಹೊಸದನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ದೀಪ ಹಚ್ಚುವಾಗ ಇಂದಿಗೂ ಅವರನ್ನು ಚೆನ್ನಾಗಿಡು ಎನ್ನುತ್ತೇನೆ. ಹೆಸರು ನನಗೆ ಮರೆತಿದೆ, ದೇವರಿಗೆ ಗೊತ್ತಿರುತ್ತದೆ.