ಕೆಂಪು ಗೀಟು ಬೀಳದ ನಾಲ್ಕು ಪುಟ

ನಮ್ಮ ಯಜಮಾನರಿಗೆ ಊರವರು ಇಟ್ಟ ಅಡ್ಡಹೆಸರು ‘ನಿದ್ದೆ ಗುಮಾಸ್ತ’. ಕೆಲಸದ ಹೊತ್ತಿನಲ್ಲಿ ಇವರೇನೂ ನಿದ್ದೆ ಹೊಡೆಯುತ್ತಿರಲಿಲ್ಲ. ಬೇರೆಯವರ ನಿದ್ದೆ ಬರೆದಿಡುವುದೇ ಇವರ ಕೆಲಸವಾಗಿತ್ತು. ಮೂವತ್ತೆಂಟು ವರ್ಷ ಅದನ್ನೇ ಮಾಡಿ, ಅದರ ಸಂಬಳದಲ್ಲೇ ಸಂಸಾರ ಸಾಗಿಸಿದರು.

ನಮ್ಮ ಬೀದಿಯ ಕೊನೆಗೆ ಇಸ್ಲಾಮಿ ಧಾರ್ಮಿಕ ವಿಶ್ವವಿದ್ಯಾಲಯವಿದೆ. ಈಗೇನೋ ಅದಕ್ಕೆ ಮೂರು ಮಹಡಿ, ಹಾಸ್ಟೆಲು, ಗ್ರಂಥಾಲಯ, ಜನರ ಪ್ರಶ್ನೆಗಳಿಗೆ ಧರ್ಮದ ಪ್ರಕಾರ ಉತ್ತರ ಬರೆದುಕೊಡುವ ವಿಭಾಗ, ಎಲ್ಲ ಬಂದಿವೆ. ನೂರಹತ್ತು ವರ್ಷದ ಹಿಂದೆ ಅಲ್ಲಿದ್ದದ್ದು ಮಸೀದಿಯ ಹಿಂಭಾಗದ ಒಂದು ಕೋಣೆ, ಒಬ್ಬ ಉಸ್ತಾದರು, ಏಳು ಜನ ಶಿಷ್ಯರು, ಒಂದೇ ಒಂದು ಪುಸ್ತಕ. ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಈಗ ಎಲ್ಲರ ಕೈಯಲ್ಲೂ ಪುಸ್ತಕವಿದ್ದರೂ ಆ ಪದ್ಧತಿ ಬಿಟ್ಟಿಲ್ಲ. ಪ್ರವಾದಿಯವರ ಮಾತುಗಳ ದೊಡ್ಡ ಗ್ರಂಥವೊಂದಿದೆ. ಕೊನೆಯ ವರ್ಷದವರು ಉಸ್ತಾದರ ಮುಂದೆ ಕೂತು ಅದನ್ನು ಮೊದಲಿಂದ ಕೊನೆವರೆಗೆ ಕೇಳಲೇಬೇಕು. ಆ ಉಸ್ತಾದರು ತಮ್ಮ ಉಸ್ತಾದರಿಂದ ಕೇಳಿದವರು, ಅವರು ಅವರ ಉಸ್ತಾದರಿಂದ. ಆ ಹೆಸರುಗಳ ಸಾಲನ್ನೆಲ್ಲ ಬರೆದು, ಕೊನೆಗೆ ವಿದ್ಯಾರ್ಥಿಯ ಹೆಸರು ಸೇರಿಸಿ ಕೊಡುವ ಪತ್ರಕ್ಕೆ ಸನದು ಎನ್ನುತ್ತಾರೆ.

ತೂಕಡಿಸಿದರೆ ಕೇಳಿದ ಹಾಗಲ್ಲ. ಉಸ್ತಾದರ ಎಡಗಡೆ ಮೋಟು ಮೇಜಿನ ಹಿಂದೆ ಕೂತು, ಯಾರ ತಲೆ ಯಾವ ಪುಟದಲ್ಲಿ ವಾಲಿತು, ಯಾವ ಪುಟದಲ್ಲಿ ನೆಟ್ಟಗಾಯಿತು ಎಂದು ಇವರು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ತಪ್ಪಿದ ಪುಟಗಳನ್ನು ಅದೇ ಉಸ್ತಾದರಿಂದ, ಇವರ ಎದುರಿಗೇ, ಮತ್ತೆ ಕೇಳಿದರೆ ಆ ಸಾಲಿನ ಮೇಲೆ ಕೆಂಪು ಗೀಟು. ಗೀಟು ಬೀಳದೆ ಸನದಿಲ್ಲ. ಮನೆಯಲ್ಲಿ ನಾನು ಮಾತಾಡುವಾಗ ಇವರೇ ಕಣ್ಣು ಮುಚ್ಚುತ್ತಾರೆ, ಅದನ್ನು ಬರೆದಿಡುವ ಪುಣ್ಯಾತ್ಮ ಮಾತ್ರ ಯಾರೂ ಇಲ್ಲ.

ನಿವೃತ್ತಿಗೆ ಒಂದು ವಾರವಿತ್ತು. ಹಳೆಯ ರಿಜಿಸ್ಟರುಗಳನ್ನು ಒಪ್ಪಿಸುವ ಮೊದಲು ಒಂದೊಂದೇ ತಿರುವಿ ನೋಡುತ್ತಿದ್ದವರು, ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಗೋಡೆಗೆ ಒರಗಿ ಕೂತರು. ಏನಾಯಿತೆಂದು ಕೇಳಿ ಕೇಳಿ ನನಗೆ ಬಾಯಿ ನೋವು ಬಂದ ಮೇಲೆ ಹೇಳಿದರು. ಮೂವತ್ತೊಂದು ವರ್ಷದ ಹಿಂದಿನ ಒಂದು ಸಾಲು. ಒಬ್ಬ ವಿದ್ಯಾರ್ಥಿ, ನಾಲ್ಕು ಪುಟ, ನಿದ್ದೆ. ಬರೆದದ್ದು ಇವರೇ. ಗೀಟು ಇಲ್ಲ, ಸನದು ಮಾತ್ರ ಕೊಟ್ಟಾಗಿದೆ. ಆ ವರ್ಷದ ಕೊನೆಗೆ ಇವರು ವಿಷಮಶೀತ ಜ್ವರದಿಂದ ಮಲಗಿದ್ದರು. ಇವರ ಬದಲಿಗೆ ಕೂತವನು ರಿಜಿಸ್ಟರು ತೆರೆಯದೆ, ಬರೀ ಹೆಸರಿನ ಪಟ್ಟಿ ನೋಡಿ ಎಲ್ಲರಿಗೂ ಸನದು ಹಂಚಿಬಿಟ್ಟಿದ್ದನಂತೆ.

ಆ ವಿದ್ಯಾರ್ಥಿ ಈಗ ಅಲ್ಲಿಯ ಹಿರಿಯ ಉಸ್ತಾದರು. ಅವರಿಂದ ಕೇಳಿ ಸನದು ಪಡೆದವರೇ ಸಾವಿರದ ಮೇಲಿದ್ದಾರೆ. ಅವರಿಗೇ ನಾಲ್ಕು ಪುಟ ಇಲ್ಲವೆಂದರೆ ಆ ಸಾವಿರ ಜನಕ್ಕೂ ಇಲ್ಲ. ಮತ್ತೆ ಕೇಳಿಸೋಣವೆಂದರೆ, ಅವರಿಗೆ ಕಲಿಸಿದ ದೊಡ್ಡ ಉಸ್ತಾದರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

“ಒಂದು ಗೀಟು ಎಳೆದುಬಿಡಿ. ಯಾರು ನೋಡ್ತಾರೆ?” ಎಂದೆ.

“ನಾನು ನೋಡ್ತೀನಲ್ಲ” ಎಂದರು.

ಎರಡು ದಿನ ತಟ್ಟೆ ಮುಂದೆ ಕೂತು ಅನ್ನ ಕಲಸಿದ್ದಷ್ಟೇ, ಉಣ್ಣದೆ ಎದ್ದರು. ನನಗೂ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ದುಡಿದು, ಕೊನೆಗೆ ಕೆಲಸ ಕೆಡಿಸಿದವನೆಂಬ ಹೆಸರು ಹೊತ್ತುಕೊಂಡು ಮನೆಗೆ ಬರಬೇಕೇ? ಮೂರನೆಯ ದಿನ, “ನಡೀರಿ, ಹಿರಿಯ ಉಸ್ತಾದರಿಗೆ ಹೇಳಿಯೇ ಬಿಡೋಣ” ಎಂದು ಹೊರಡಿಸಿದೆ. ಒಬ್ಬರನ್ನೇ ಬಿಟ್ಟರೆ ದಾರಿಯಲ್ಲೇ ಕೂತುಬಿಡುವ ಆಸಾಮಿಯೆಂದು ನಾನೂ ಜೊತೆಗೆ ಹೋದೆ.

ಹಿರಿಯ ಉಸ್ತಾದರು ಆ ಸಾಲನ್ನು ಎರಡು ಸಲ ಓದಿದರು. ಇವರು ತಲೆ ಬಗ್ಗಿಸಿ ನಿಂತಿದ್ದರು. ಉಸ್ತಾದರು ಎದ್ದು, ಕಪಾಟಿನಿಂದ ಬೆನ್ನು ಕಿತ್ತುಹೋದ ಪುಸ್ತಕವೊಂದನ್ನು ತೆಗೆದರು. ಅದು ಅವರು ವಿದ್ಯಾರ್ಥಿಯಾಗಿದ್ದಾಗಿನ ಪ್ರತಿ. ಪುಟ ಹುಡುಕಿ, ಅಂಚಿನಲ್ಲಿ ದೊಡ್ಡ ಉಸ್ತಾದರು ತಮ್ಮ ಕೈಯಿಂದಲೇ ಬರೆದಿದ್ದನ್ನು ಗಟ್ಟಿಯಾಗಿ ಓದಿದರು:

“ಈ ನಾಲ್ಕು ಪುಟಗಳನ್ನು ಇವನು ನನ್ನಿಂದ ಮತ್ತೆ ಕೇಳಿದ್ದಾನೆ. ಸ್ಥಳ, ಗುಮಾಸ್ತರ ಮನೆ. ಗುಮಾಸ್ತರ ಹೆಂಡತಿ ಬಾಗಿಲ ಬಳಿ ಕೂತು ಪೂರ್ತಿ ಕೇಳಿದ್ದಾರೆ. ಗುಮಾಸ್ತರು ಅಲ್ಲೇ ಮಲಗಿದ್ದರು. ನಿದ್ದೆ. ಲೆಕ್ಕಕ್ಕಿಲ್ಲ.”

ನನಗೆ ಆ ದಿನ ಕಣ್ಣಿಗೆ ಕಟ್ಟಿತು. ಮೈ ಸುಡುತ್ತಿದ್ದ ಇವರನ್ನು ನೋಡಲು ದೊಡ್ಡ ಉಸ್ತಾದರು ಒಬ್ಬ ಶಿಷ್ಯನನ್ನು ಕರೆದುಕೊಂಡು ಬಂದಿದ್ದರು. ಹಾಸಿಗೆಯ ಪಕ್ಕ ಕೂತು ಬಹಳ ಹೊತ್ತು ಏನೋ ಓದಿದರು. ಜ್ವರ ಇಳಿಯಲೆಂದು ಓದುತ್ತಿದ್ದಾರೆಂದುಕೊಂಡು ನಾನು ಒದ್ದೆ ಬಟ್ಟೆ ಹಿಡಿದು ಹೊಸ್ತಿಲಲ್ಲೇ ಕೂತಿದ್ದೆ. ಇವರು ಉಳಿಯುತ್ತಾರೋ ಇಲ್ಲವೋ ಎಂದು ಜೀವ ಬಾಯಿಗೆ ಬಂದಿತ್ತು. ಓದಿ ಮುಗಿಸಿ, ನಡುವೆ ನಿದ್ದೆ ಬಂತೇನಮ್ಮ ಎಂದು ಕೇಳಿದ್ದರು. ಗಂಡ ಹೀಗೆ ಬಿದ್ದಿರುವಾಗ ನಿದ್ದೆ ಎಲ್ಲಿಂದ ಬರಬೇಕು ಎಂದು ನಾನು ಹಿರಿಯರೆಂದೂ ನೋಡದೆ ರೇಗಿದ್ದೆ. ಅವರು ಪುಸ್ತಕದಲ್ಲಿ ಏನೋ ಬರೆದು ಎದ್ದಿದ್ದರು.

ಗುಮಾಸ್ತರು ಗುಣವಾಗಿ ಬಂದು ಗೀಟು ಎಳೆಯುತ್ತಾರೆಂದು ದೊಡ್ಡ ಉಸ್ತಾದರು ಸುಮ್ಮನಿದ್ದರು. ಇವರಿಗೆ ಹೇಳುವುದು ಗುರು ಶಿಷ್ಯರಿಬ್ಬರಿಗೂ ಮರೆತುಹೋಗಿತ್ತು. ಹಿರಿಯ ಉಸ್ತಾದರು ಅದನ್ನು ನೆನೆದು ಕ್ಷಮೆ ಕೇಳಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರು ಮಾತ್ರ ಮಗುವಿನ ಹಾಗೆ ಅತ್ತುಬಿಟ್ಟರು.

ಕಣ್ಣೊರೆಸಿಕೊಂಡು ಜೇಬಿನಿಂದ ಕೆಂಪು ಪೆನ್ನು ತೆಗೆದರು. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು.

“ಕೇಳಿದವಳು ನೀನು. ಗೀಟು ನೀನೇ ಎಳಿ.”

ನಾನೆಳೆದ ಗೀಟು ಸೊಟ್ಟಗಾಯಿತು. ಅಕ್ಷರ ಒಂದು ಕೂದಲಷ್ಟು ವಾಲಿದರೂ ಸಹಿಸದ ಮನುಷ್ಯ, ಅಂದು ಅದನ್ನು ಹಾಗೇ ಬಿಟ್ಟು ರಿಜಿಸ್ಟರು ಮುಚ್ಚಿದರು. ಮನೆಗೆ ಬಂದು ಎರಡೆರಡು ಸಲ ಬಡಿಸಿಕೊಂಡು ಉಂಡು, ನಾನು ಮಾತಾಡುತ್ತಿದ್ದಂತೆಯೇ ಗೊರಕೆ ಹೊಡೆದರು. ನಾನು ಎಬ್ಬಿಸಲಿಲ್ಲ.